ಆಡದಿದ್ದರೆ ಸಂಬಳ

ಬೆಳಗ್ಗೆ ಹಾಲು ತರಲೆಂದು ಹೊರಟ ಕೆಂಪರಾಜ್ ವೃತ್ತದ ಬಳಿ ತಲೆಯೆತ್ತಿದಾಗ, ಅವನ ನಾಲ್ಕು ಪಟ್ಟು ದೊಡ್ಡದಾದ ಇನ್ನೊಬ್ಬ ಕೆಂಪರಾಜ್ ಎರಡು ವಿದ್ಯುತ್ ಕಂಬಗಳ ನಡುವೆ ನಿಂತು ಅವನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದ.

ಫ್ಲೆಕ್ಸು. ಮದುವೆಯ ಫೋಟೋದಿಂದ ಹಾರ ಕತ್ತರಿಸಿ ತೆಗೆದು, ಪಕ್ಕದಲ್ಲಿದ್ದ ಹೆಂಡತಿಯನ್ನು ಅಳಿಸಿ, ಕೈಗೊಂದು ಚೆಂಡನ್ನು ಅಂಟಿಸಿದ್ದರು. ಚೆಂಡು ಕಲ್ಲಂಗಡಿಯಂತೆ ಕಾಣುತ್ತಿತ್ತು. ಅದನ್ನು ಹಿಡಿದವನು ಅದರ ವ್ಯಾಪಾರಿಯಂತೆ. ಕೆಳಗೆ ಕೆಂಪು ಅಕ್ಷರಗಳು: 'ನಮ್ಮ ಹೊಂಗೇಪಾಳ್ಯದ ಹೆಮ್ಮೆ, ಚಿನ್ನದ ಕೈಗಳ ಸರದಾರ, ಗೋಲ್‌ಕೀಪರ್ ಕೆಂಪರಾಜಣ್ಣನವರು ಇಂದು ಮಧ್ಯಾಹ್ನ ಹೈವೇ ಬಾಯ್ಸ್ ತಂಡದ ಪರ ಆಡಲಿದ್ದಾರೆ. ಸರ್ವರಿಗೂ ಸ್ವಾಗತ.'

ಚಿನ್ನದ ಕೈಗಳ ಸರದಾರ ಹಾಲಿನ ಪಾತ್ರೆಯಿಂದ ಮುಖ ಮುಚ್ಚಿಕೊಂಡ.

ಬೇರೆ ಯಾವ ದಿನವಾದರೂ ಅವನು ಆ ಫ್ಲೆಕ್ಸಿನ ಕೆಳಗೆ ನಿಂತು ಒಂದು ಸೆಲ್ಫಿ ತೆಗೆದುಕೊಳ್ಳುತ್ತಿದ್ದ. ಇವತ್ತು ಮಾತ್ರ ಆಗುವಂತಿರಲಿಲ್ಲ. ಇವತ್ತು ಸಂಜೆ ಐದು ಗಂಟೆಯ ತನಕ ಅವನು ಮಾಡಬೇಕಾಗಿದ್ದ ಕೆಲಸ ಒಂದೇ: ಏನನ್ನೂ ಮಾಡದಿರುವುದು.

ನೆಲಮಂಗಲದ ಈಚೆ, ತುಮಕೂರು ಹೆದ್ದಾರಿಗೆ ಬೆನ್ನು ಕೊಟ್ಟು ಕೂತಿರುವ ಹೊಂಗೇಪಾಳ್ಯದಿಂದ ಬೆಂಗಳೂರಿನ ದೊಡ್ಡ ಕ್ಲಬ್ಬೊಂದರ ಗೋಲು ಕಾಯುವವರೆಗೆ ಏರಿದ್ದ ಕೆಂಪರಾಜ್. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಹೊಸ ಕೋಚ್ ಬಂದ. ಅವನ ಕಣ್ಣ ಮುಂದೆಯೇ ಸಾಲಾಗಿ ಮೂರು ಪಂದ್ಯಗಳಲ್ಲಿ ಚೆಂಡುಗಳು ಟೋಲ್‌ಗೇಟಿನಲ್ಲಿ ವಿಐಪಿ ಕಾರುಗಳು ಹೋದಂತೆ ಕೆಂಪರಾಜ್‌ನ ಪಕ್ಕದಿಂದ ನಿರಾತಂಕವಾಗಿ ಒಳಗೆ ಹೋದವು. ಸೀಸನ್ನಿನ ನಡುವೆಯೇ ಕ್ಲಬ್ಬು ಅವನನ್ನು ಬಿಡುಗಡೆ ಮಾಡಿತು.

ಆದರೆ ಬಿಡುಗಡೆಯಾದ ಆಟಗಾರನ ಲೆಕ್ಕ ಊರಿನವರು ತಿಳಿದಷ್ಟು ಸರಳವಲ್ಲ. ಕರಾರು ಸೀಸನ್ನಿನ ಕೊನೆಯವರೆಗೆ ಇತ್ತು. ಬಿಟ್ಟದ್ದು ಕ್ಲಬ್ಬು, ಆದ್ದರಿಂದ ಉಳಿದ ತಿಂಗಳುಗಳ ಸಂಬಳವನ್ನು ಕ್ಲಬ್ಬೇ ಕೊಡಬೇಕು. ಆ ನಡುವೆ ಅವನು ಬೇರೆ ತಂಡ ಸೇರಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಟಗಾರರ ನೋಂದಣಿಯ ಗಡುವು ಇವತ್ತು ಸಂಜೆ ಐದಕ್ಕೆ ಮುಗಿಯುತ್ತದೆ; ಆಮೇಲೆ ಯಾವ ತಂಡವೂ ಅವನನ್ನು ಸೇರಿಸಿಕೊಳ್ಳುವಂತಿಲ್ಲ, ಕ್ಲಬ್ಬೂ ತಪ್ಪಿಸಿಕೊಳ್ಳುವಂತಿಲ್ಲ. ಕ್ಲಬ್ಬಿನ ಮ್ಯಾನೇಜರ್ ನವೀನ್‌ಕುಮಾರ್ ಸಹಿ ಹಾಕಿಸಿಕೊಳ್ಳುವಾಗ ಬಿಡಿಸಿ ಹೇಳಿದ್ದರು: "ನೋಡಿ ಕೆಂಪರಾಜ್, ನಮ್ಮನ್ನ ಕೇಳದೆ ಯಾವ ಟೀಮ್‌ಗೂ ಆಡಬೇಡಿ. ಗಲ್ಲಿ ಟೀಮಾದ್ರೂ ಸರಿ. ಆಡಿದ್ರೆ ಸಂಬಳ ಕಟ್. ಈ ಒಪ್ಪಂದದ ವಿಷಯ ಹೊರಗೆ ಯಾರ ಹತ್ರಾನೂ ಬಾಯಿ ಬಿಡಬೇಡಿ, ಬಿಟ್ರೂ ಕಟ್."

ಕರಾರು ಇನ್ನೂ ಉದ್ದವಿತ್ತು. ಇಂಗ್ಲಿಷಿನಲ್ಲಿತ್ತು. 'ಕಟ್' ಎಂಬ ಪದವನ್ನು ಎರಡು ಸಲ ಕೇಳಿದ ಕೆಂಪರಾಜ್ ಮುಂದಿನ ಪುಟಗಳನ್ನು ತಿರುವುವ ಧೈರ್ಯ ಮಾಡದೆ ಸಹಿ ಹಾಕಿ ಬಂದಿದ್ದ.

ಆ ಹಣಕ್ಕೆ ಗಂಡ ಹೆಂಡತಿ ಸೇರಿ ಒಂದು ದಾರಿ ಕಂಡಿದ್ದರು. ಕಲ್ಯಾಣ ಮಂಟಪದ ಹಿಂದೆ ಪದ್ಮಶ್ರೀ ಎಂಬುವರ ಖಾಲಿ ಜಾಗವಿತ್ತು. ಅದನ್ನು ಬಾಡಿಗೆಗೆ ಹಿಡಿದು ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಶಾಲೆ. ಅದು ಆಗದಿದ್ದರೆ ಇದ್ದೇ ಇತ್ತು, ಮಾವ ಮುನಿವೆಂಕಟಪ್ಪ ಗೊತ್ತು ಮಾಡಿಟ್ಟಿದ್ದ ಗೋಡೌನಿನ ಕೆಲಸ: ಹಿಂದಕ್ಕೆ ಬರುವ ಲಾರಿಗಳ ಬೆನ್ನಿಗೆ ನಿಂತು, ಎರಡೂ ಕೈ ಚಾಚಿ, "ಬರ್ಲಿ, ಬರ್ಲಿ, ಬರ್ಲಿ" ಎನ್ನುವುದು. "ನಿನ್ನ ಗಂಡ ಇಷ್ಟು ವರ್ಷ ಮಾಡಿದ್ದೂ ಅದೇ ಅಲ್ವೇನಮ್ಮಾ?" ಎಂದು ಮಾವ ಮಗಳನ್ನು ಕೇಳಿದ್ದ.

ಕೆಂಪರಾಜ್ ಹಾಲು ಮರೆತು ಮನೆಗೆ ಓಡಿದ.

"ಹಾಲೆಲ್ರೀ?" ಎಂದಳು ವಾಣಿಶ್ರೀ.

"ಹಾಲಲ್ಲ ಕಣೇ, ನಮ್ಮ ಬಾಳೇ ಉಕ್ಕಿ ಹೋಗ್ತಾ ಇದೆ. ಸರ್ಕಲ್‌ನಲ್ಲಿ ನನ್ನ ನೇತು ಹಾಕ್ಬಿಟ್ಟವ್ರೆ!"

ವಿಷಯ ಕೇಳಿ ಅವಳು ಬಾಗಿಲು ಹಾಕಿ ಚಿಲಕ ಜಡಿದಳು. "ರೀ, ಐದು ಗಂಟೆ ಆಗೋವರ್ಗೂ ನೀವು ಚೆಂಡು ಮುಟ್ಟಬಾರ್ದು. ಪದ್ಮಶ್ರೀ ಮೇಡಂ ಇವತ್ತು ಸಂಜೆಗೆ ಒಂದು ಮಾತು ಹೇಳು ಅಂದವ್ರೆ, ಇಲ್ದಿದ್ರೆ ಸಿಮೆಂಟ್ ಇಟ್ಟಿಗೆಯೋರಿಗೆ ಕೊಡ್ತಾರಂತೆ. ಹುಷಾರು!"

ಚಿಲಕದ ಸದ್ದು ಇನ್ನೂ ಅಡಗಿರಲಿಲ್ಲ, ಬಾಗಿಲು ಬಡಿಯುವ ಸದ್ದಾಯಿತು. ಮಹಬೂಬ್. ಹೆದ್ದಾರಿಯ ಪಕ್ಕದಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡು, ಲಾರಿ ಚಕ್ರಗಳಿಗೆ ತುಂಬಿ ಮಿಕ್ಕ ಗಾಳಿಯನ್ನೆಲ್ಲ ಹೈವೇ ಬಾಯ್ಸ್ ತಂಡಕ್ಕೆ ತುಂಬುತ್ತಿದ್ದ ಅದರ ಅಧ್ಯಕ್ಷ.

"ಕೆಂಪಣ್ಣಾ, ಫ್ಲೆಕ್ಸ್ ನೋಡಿದ್ಯಾ? ಹೆಂಗೈತೆ?"

"ತೆಗೆಸು."

"ಯಾಕೆ? ಕಣ್ಣು ಸಣ್ಣದಾಗಿ ಬಂದೈತಾ?"

"ನಾನು ಆಡಲ್ಲ ಮಹಬೂಬ್."

ಮಹಬೂಬ್ ಒಳಗೆ ಬಂದು ಗೆಳೆಯನ ಭುಜದ ಮೇಲೆ ಗ್ರೀಸಿನ ಕೈ ಇಟ್ಟ. "ಗುರು, ಟೀಮ್‌ನಿಂದ ತೆಗೆದ್ರು ಅಂತ ಬೇಜಾರು ಮಾಡ್ಕೋಬೇಡ. ನಾವಿಲ್ವಾ? ಇವತ್ತೊಂದು ಮ್ಯಾಚಲ್ಲ, ಈ ಸೀಸನ್ ಪೂರ್ತಿ ನೀನೇ ನಮ್ಮ ಕೀಪರ್ರು. ಜರ್ಸಿ ನಮ್ದು. ಮ್ಯಾಚಿಗೊಂದು ಬಿರಿಯಾನಿ ನಮ್ದು. ಗೆದ್ರೆ ಎರಡು ಬಿರಿಯಾನಿ."

ಸೀಸನ್ ಪೂರ್ತಿ! ಗಡುವಿನ ದಿನವೇ ಗುಂಡಿಗೆ ನಿಲ್ಲಿಸುವಂಥ ಮಾತು. ನಿಜ ಹೇಳುವಂತಿಲ್ಲ, ಹೇಳಿದರೆ ಕಟ್. ಆಡುವಂತಿಲ್ಲ, ಆಡಿದರೆ ಕಟ್. ಕೆಂಪರಾಜ್ ಕೈಗೆ ಸಿಕ್ಕ ಮೊದಲ ಸುಳ್ಳನ್ನು ಹಿಡಿದುಕೊಂಡ.

"ಮಂಡಿ ನೋವು ಕಣೋ. ನಡೆಯೋಕ್ಕೂ ಆಗ್ತಿಲ್ಲ."

"ಮಂಡಿ ನೋವೇನ್ಲಾ?" ಎಂದು ಕಿಟಕಿಯಿಂದಲೇ ಒಂದು ತಲೆ ಕೇಳಿತು. ಎದುರುಮನೆಯ ಅಕ್ಕಯಮ್ಮ. ಬೀದಿಯ ಯಾವ ಮನೆಯಲ್ಲಿ ಯಾರು ಸೀನಿದರೂ "ನೂರು ವರ್ಷ ಬಾಳು" ಎನ್ನುವ ಮುದುಕಿ. ಕೆಂಪರಾಜನಿಗೆ ಸಂಬಂಧದಲ್ಲಿ ದೊಡ್ಡವ್ವ ಆಗಬೇಕು. ಚಿಲಕ, ಬಾಗಿಲು ಇವೆಲ್ಲ ಅವಳಿಗೆ ಅನ್ವಯಿಸುವ ವಸ್ತುಗಳಲ್ಲ. ಮರುಗಳಿಗೆಗೆ ಹಿತ್ತಲಿಂದ ಒಳಗೆ ಬಂದು, ಬಿಸಿ ಹರಳೆಣ್ಣೆಯ ಬಟ್ಟಲು ಹಿಡಿದು ಅವನ ಎದುರು ಕೂತೇಬಿಟ್ಟಳು.

"ಯಾವ್ ಕಾಲು?"

"ಬಲ... ಬಲಗಾಲು ದೊಡ್ಡವ್ವಾ."

ಅವಳು ಎಡಮಂಡಿಯನ್ನು ಹಿಡಿದು ಒತ್ತಿದಳು. ಎಣ್ಣೆ ಕುದಿಯುತ್ತಿತ್ತು. ಕೆಂಪರಾಜ್ ಕಿರುಚಿ, ಎರಡೂ ಕಾಲು ಕೂಡಿಸಿ ನೆಗೆದು, ಅಟ್ಟದ ತೊಲೆ ಮುಟ್ಟಿ ಕೆಳಗೆ ಬಂದ.

"ಮಾಶಾ ಅಲ್ಲಾ!" ಎಂದ ಮಹಬೂಬ್, ಕಣ್ಣಲ್ಲಿ ನೀರು ತುಂಬಿಕೊಂಡು. "ಏನ್ ಜಂಪು ಗುರು!"

ಅಷ್ಟರಲ್ಲಿ ಕೆಂಪರಾಜ್‌ನ ಫೋನ್ ಗುನುಗಿತು. ತೆರೆಯ ಮೇಲೆ ನವೀನ್‌ಕುಮಾರ್ ಅವರ ಹೆಸರು. ಫ್ಲೆಕ್ಸಿನ ಚಿತ್ರ ಅಲ್ಲಿಯವರೆಗೂ ಹೋಗಿರಬೇಕು! ಫೋನ್ ಎತ್ತಿದರೆ ಹಿಂದೆ ಮಹಬೂಬನ ಗಂಟಲು, "ಸೀಸನ್ ಪೂರ್ತಿ ನಮ್ದೇ ಕೀಪರ್ರು" ಎಂಬ ಘೋಷಣೆ. ಎತ್ತಲಿಲ್ಲ. ಅದು ಮತ್ತೆ ಗುನುಗಿತು. ಮತ್ತೆ. ನಾಲ್ಕನೆಯ ಸಲ ಗುನುಗಿದಾಗ ಅವನು ಅದನ್ನು ಆಫ್ ಮಾಡಿ ಅಕ್ಕಿ ಡಬ್ಬಿಯೊಳಗೆ ಹೂತುಬಿಟ್ಟ.

"ಯಾರದು ಫೋನು?" ಎಂದಳು ಅಕ್ಕಯಮ್ಮ. "ಮುಖ ಯಾಕಂಗೆ ಬಿಳಿಚ್ಕೊಂಡೈತೆ? ಏನಾದ್ರೂ ಕೆಟ್ಟ ಸುದ್ದಿಯೇನ್ಲಾ?"

ಕೆಲವೊಮ್ಮೆ ಮನುಷ್ಯನ ನಾಲಿಗೆಯನ್ನು ಎದುರಿಗಿರುವವರೇ ಆಡಿಸಿಬಿಡುತ್ತಾರೆ. ಕೆಟ್ಟ ಸುದ್ದಿ! ಸಾವಾದ ಮನೆಯವನನ್ನು ಯಾರು ತಾನೇ ಮೈದಾನಕ್ಕೆ ಎಳೆದಾರು?

"ಹೂಂ ದೊಡ್ಡವ್ವಾ," ಎಂದು ಅವನು ತಲೆ ತಗ್ಗಿಸಿದ. "ಸಾಸಲಿನ ದೊಡ್ಡಬೀರಪ್ಪ ದೊಡ್ಡಪ್ಪ... ಹೋಗ್ಬಿಟ್ರಂತೆ. ನಂಗೀಗ ಸೂತಕ. ಆಟ ಗೀಟ ಏನೂ ಆಗಲ್ಲ."

ದೊಡ್ಡಬೀರಪ್ಪನನ್ನು ಅವನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಸಾಸಲು ದೂರ. ಆತ ಈ ಕಡೆ ತಲೆ ಹಾಕಿ ವರ್ಷಗಳಾಗಿದ್ದವು. ವಯಸ್ಸೂ ಆಗಿತ್ತು, ಸತ್ತರೆ ಯಾರೂ ಅನುಮಾನಪಡುವಂತಿರಲಿಲ್ಲ.

ಅಕ್ಕಯಮ್ಮ "ಅಯ್ಯೋ ನನ್ನಪ್ಪಾ, ನನ್ನ ದೊರೆಯೇ!" ಎಂದು ಎತ್ತಿದ ದನಿಗೆ ಹೆದ್ದಾರಿಯಲ್ಲಿ ಒಂದು ಬಸ್ಸು ನಿಧಾನವಾಯಿತು. ಒಂದು ಉಸಿರು ಅತ್ತವಳು, ಎರಡನೆಯ ಉಸಿರು ತೆಗೆದುಕೊಳ್ಳುವಾಗ ನಿಂತಳು. ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು.

"ಲೋ ಕೆಂಪ, ಬೀರಪ್ಪ ಬರೀ ನಿಂಗೊಬ್ನಿಗೇ ದಾಯಾದಿ ಅಲ್ವಲ್ಲೋ. ಈ ಬೀದಿಗೆಲ್ಲಾ ದಾಯಾದಿ ಅಲ್ವೇನ್ಲಾ? ನಿಂಗ್ ಸೂತಕ ಆದ್ರೆ ಎಲ್ರಿಗೂ ಸೂತಕವೇ!"

ಕೆಂಪರಾಜ್ ಇದನ್ನು ಯೋಚಿಸಿರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಬೀದಿಗಿಳಿದು ಮನೆ ಮನೆಗೂ ಸೂತಕ ಹಂಚತೊಡಗಿದ್ದಳು. ದೇವರ ಮನೆಗಳ ಬಾಗಿಲು ಮುಚ್ಚಿದವು. ಪಂದ್ಯದ ಬಾಡೂಟಕ್ಕೆಂದು ಒಲೆಯ ಮೇಲಿಟ್ಟಿದ್ದ ದೊಡ್ಡ ಪಾತ್ರೆಯನ್ನು ಇಳಿಸಿದರು. ಮೊಗ್ಗಿನ ಜಡೆ ಹಾಕಿಸಿಕೊಳ್ಳುತ್ತಿದ್ದ ಹುಡುಗಿಯ ಜಡೆಯನ್ನು ಅರ್ಧಕ್ಕೇ ಬಿಚ್ಚಿದರು. ಹೈವೇ ಬಾಯ್ಸ್ ತಂಡದ ಒಬ್ಬೊಬ್ಬನೇ ಬಂದು ಜರ್ಸಿ ಬಿಚ್ಚಿ ಮಹಬೂಬನ ಕೈಗೆ ಕೊಟ್ಟು, ತಲೆಗೆ ನೀರು ಹಾಕಿಕೊಳ್ಳಲು ಹೋದ.

ಮಹಬೂಬ್ ತೋಳ ತುಂಬ ಜರ್ಸಿ ಹಿಡಿದುಕೊಂಡು ಅಗಸನಂತೆ ನಿಂತಿದ್ದ. "ಕೆಂಪಣ್ಣಾ, ನನ್ನ ಟೀಮಲ್ಲಿ ಈಗ ಉಳಿದಿರೋದು ನಾನು, ಸಕ್ಲೇನು, ಆಮೇಲೆ ವಿಷಲ್ ಊದೋ ಸುನಿಲ್‌ಕುಮಾರ್. ಅವ್ನು ಅಂಪೈರು."

"ರೆಫರಿ," ಎಂದ ಕೆಂಪರಾಜ್ ಸಣ್ಣ ದನಿಯಲ್ಲಿ.

"ಯಾರಾದ್ರೇನು! ನೀನು ದುಃಖದಲ್ಲಿದ್ದೀಯ, ನಿಂಗೆ ಅನ್ನೋ ಹಾಗಿಲ್ಲ."

ಮಹಬೂಬ್ ಒಳ್ಳೆಯವನು. ಒಳ್ಳೆಯವರೇ ಮನುಷ್ಯನನ್ನು ಬೇಗ ಮುಗಿಸುವುದು. ಮಧ್ಯಾಹ್ನದ ಹೊತ್ತಿಗೆಲ್ಲ ಅವನೇ ಒಂದು ಟೆಂಪೋ ಗೊತ್ತುಮಾಡಿ, ಗುಲಾಬಿ ಹಾರ ತರಿಸಿ, ಬೀದಿಯವರನ್ನೆಲ್ಲ ಹತ್ತಿಸಿ, ಕೆಂಪರಾಜ್‌ನನ್ನು ಡ್ರೈವರನ ಪಕ್ಕದ ಸೀಟಿನಲ್ಲಿ ಕೂರಿಸಿದ. ಕೆಂಪರಾಜ್‌ಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಯಿತು. ಸಾಸಲಿಗೆ ಹೋಗಿ ಬರುವಷ್ಟರಲ್ಲಿ ಐದು ಗಂಟೆ ದಾಟಿರುತ್ತದೆ! ಅಲ್ಲಿ ಮುಟ್ಟಿದ ಮೇಲೆ ಬೈಗುಳ ಬೀಳುವುದು ಖಂಡಿತ. ಬೀಳಲಿ. ಬೈಗುಳಕ್ಕೆ ಸಂಬಳ ಕಟ್ ಆಗುವುದಿಲ್ಲ.

ಟೆಂಪೋ ಗುರುಗುಟ್ಟಿತು.

"ತಡಿ ತಡಿ," ಎಂದ ಮಹಬೂಬ್. "ಎಷ್ಟೊತ್ತಿಗೆ ಎತ್ತುತ್ತಾರೆ ಅಂತ ಒಂದು ಮಾತು ಕೇಳ್ಬಿಡೋಣ. ನೀವು ಹೋಗೋದ್ರೊಳಗೆ ಎತ್ತಿಬಿಟ್ರೆ ಮುಖ ನೋಡೋಕ್ಕಾಗಲ್ಲ. ಅಕ್ಕಯಮ್ಮ, ನಂಬರ್ ಹೇಳಿ."

"ಬೇಡ ಕಣೋ, ದುಃಖದ ಮನೆ..." ಎಂದು ಕೆಂಪರಾಜ್ ಕೈ ಚಾಚಿದ. ಚಿನ್ನದ ಕೈಗೆ ಆ ಫೋನೂ ಸಿಗಲಿಲ್ಲ. ಎಲ್ಲರಿಗೂ ಕೇಳಲೆಂದು ಮಹಬೂಬ್ ಸ್ಪೀಕರ್ ಹಾಕಿದ.

"ಹಲೋ, ಸಾಸಲಿನ ದೊಡ್ಡಬೀರಪ್ಪನೋರ ಮನೆಯಾ? ನಾವು ಹೊಂಗೇಪಾಳ್ಯದೋರು. ಟೆಂಪೋದಲ್ಲಿ ಹೊರಟಿದ್ದೀವಿ. ಎತ್ತೋದು ಎಷ್ಟೊತ್ತಿಗೆ?"

"ಯಾರನ್ನ ಎತ್ತೋದು?" ಎಂದಿತು ಒಂದು ಗಡಸು ದನಿ.

"ದೊಡ್ಡಬೀರಪ್ಪನೋರನ್ನ."

ಆ ಕಡೆ ಒಂದು ಕೋಳಿ ಕೂಗಿತು.

"ಅವ್ನು ಈಗಷ್ಟೇ ಎರಡು ಮುದ್ದೆ ಉಂಡು ತಾನೇ ಎದ್ದವ್ನೆ. ಯಾರೂ ಎತ್ತಬೇಕಾಗಿಲ್ಲ. ನೀನ್ಯಾವನ್ಲಾ?"

"ತಾವು ಯಾರು?"

"ನಾನೇ ಕಣ್ಲಾ ದೊಡ್ಡಬೀರಪ್ಪ!"

ಟೆಂಪೋದೊಳಗೆ ಎಲ್ಲರ ತಲೆಗಳೂ ಒಟ್ಟಿಗೇ ಮುಂದಿನ ಸೀಟಿನ ಕಡೆ ತಿರುಗಿದವು. ತಣ್ಣೀರು ಸುರಿದುಕೊಂಡ ತಲೆಗಳು. ಇನ್ನೂ ಹನಿ ಬೀಳುತ್ತಿತ್ತು.

"ಯಾವನ್ಲಾ ನನ್ನ ಸಾಯಿಸಿದೋನು?" ಎಂದು ಫೋನು ಕೂಗುತ್ತಿತ್ತು. "ಇರಿ, ಮೊಮ್ಮಗನ ಬೈಕಲ್ಲಿ ಬರ್ತಾ ಇವ್ನಿ!"

ಮುಂದೆ ನಡೆದದ್ದು ಬೇಗ ನಡೆಯಿತು. ಟೆಂಪೋ ಸಾಸಲಿನ ಕಡೆ ತಿರುಗುವ ಬದಲು ಮೈದಾನದ ಕಡೆ ತಿರುಗಿತು. ಜರ್ಸಿಗಳು ಮತ್ತೆ ಮೈಮೇಲೆ ಹತ್ತಿದವು. ಬಾಡಿನ ಪಾತ್ರೆ ಮತ್ತೆ ಒಲೆ ಏರಿತು. "ಸುಮ್‌ಸುಮ್ನೆ ತಲೆಗೆ ನೀರು ಹಾಕ್ಸಿದ್ಯಲ್ಲೋ ಪಾಪಿ," ಎಂದು ಅಕ್ಕಯಮ್ಮ ಗುಲಾಬಿ ಹಾರವನ್ನು ಅವನ ಕೊರಳಿಗೇ ಹಾಕಿದಳು. ಹೇಗೂ ದುಡ್ಡು ಕೊಟ್ಟಿದ್ದಾಗಿತ್ತು. ತಂಡದ ಇಬ್ಬರು ರಕ್ಷಣಾ ಆಟಗಾರರು ಅವನ ಎರಡೂ ರಟ್ಟೆ ಹಿಡಿದು, ಕಳ್ಳನನ್ನು ಠಾಣೆಗೆ ಒಯ್ಯುವಂತೆ ಮೈದಾನಕ್ಕೆ ಒಯ್ದರು.

ಮೈದಾನದಲ್ಲಿ ಜನ ಕಿಕ್ಕಿರಿದಿತ್ತು. ಶಾಮಿಯಾನ, ವೇದಿಕೆ, ಮೈಕು. ವೇದಿಕೆಯ ಮೇಲೆ ಮಧ್ಯದ ಕುರ್ಚಿಯಲ್ಲಿ ಒಬ್ಬ ಅತಿಥಿ ಕೂತಿದ್ದರು. ಮೈಮೇಲೆ ಶಾಲು, ತಲೆಯ ಮೇಲೆ ಅಳತೆಗಿಂತ ದೊಡ್ಡದಾದ ಮೈಸೂರು ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ. ಅತಿಥಿ ಪೇಟವನ್ನು ಹಣೆಯಿಂದ ಮೇಲೆತ್ತಿ ಇತ್ತ ನೋಡಿದರು.

ನವೀನ್‌ಕುಮಾರ್!

ಬೆಳಗಿನಿಂದ ಫೋನ್ ಮಾಡಿ ಉತ್ತರ ಸಿಗದೆ, ಕೈಯಾರೆ ಹಿಡಿಯಲು ಖುದ್ದು ಬಂದಿದ್ದಾರೆ! ಮಹಬೂಬನ ಪೆದ್ದು ಬಳಗ ಹಿಡಿಯಲು ಬಂದವನಿಗೇ ಶಾಲು ಹೊದಿಸಿ ಕೂರಿಸಿದೆ! ಗಡಿಯಾರ ನಾಲ್ಕು ದಾಟಿತ್ತು. ಇನ್ನು ಒಂದೇ ಒಂದು ಗಂಟೆ ಕಾಲ ಚೆಂಡಿನಿಂದ ದೂರ ಉಳಿದರೆ ಶಾಲೆ; ಮುಟ್ಟಿದರೆ ಗೋಡೌನು.

"ಈಗ ನಮ್ಮೂರ ಹೆಮ್ಮೆ, ಕೆಂಪರಾಜಣ್ಣನವರು ಗೋಲಿನ ಬಳಿ ದಯಮಾಡಿಸಬೇಕು," ಎಂದು ಮೈಕು ಕರೆಯಿತು. ಜನ ಶಿಳ್ಳೆ ಹೊಡೆದರು. ಸಕ್ಲೇನ್ ಓಡಿಬಂದು ಕೈಗವಸುಗಳನ್ನು ಕೊಟ್ಟ. ಚೆಂಡು ತಾನಾಗಿಯೇ ಉರುಳಿಬಂದು ಅವನ ಪಾದದ ಬಳಿ ನಿಂತಿತು, ಸಾಕಿದ ನಾಯಿಯಂತೆ. ಅವನು ಹಾವು ತುಳಿದವನ ಹಾಗೆ ಅದನ್ನು ದಾಟಿ ನೆಗೆದ. ನೆಗೆದವನು ನಿಲ್ಲಲಿಲ್ಲ. ಕೊರಳಲ್ಲಿ ಹಾರ, ಕಾಲಿಗೆ ಹರಳೆಣ್ಣೆ, ನೇರ ವೇದಿಕೆಗೆ ನುಗ್ಗಿ ಮೈಕನ್ನು ಕಿತ್ತುಕೊಂಡ.

ಇಷ್ಟು ವರ್ಷ ಕಂಬಗಳ ನಡುವೆ ಮೌನವಾಗಿ ನಿಂತವನ ಬಾಯಿಂದ ಮಾತು ಕಟ್ಟೆಯೊಡೆಯಿತು.

"ಎಲ್ರೂ ಕೇಳಿಸ್ಕೊಳ್ಳಿ! ಸಾರ್, ನೀವೂ ಚೆನ್ನಾಗಿ ಕೇಳಿಸ್ಕೊಳ್ಳಿ! ಹೈವೇ ಬಾಯ್ಸ್ ನನ್ನ ಸೀಸನ್ ಪೂರ್ತಿ ಆಡು ಅಂತ ಕರೆದವ್ರೆ. ನಾನು ಆಡಲ್ಲ! ಇವತ್ತೂ ಆಡಲ್ಲ, ನಾಳೆನೂ ಆಡಲ್ಲ! ಯಾರ್ ಕರೆದ್ರೂ ಆಡಲ್ಲ, ಏನ್ ಕೊಟ್ರೂ ಆಡಲ್ಲ! ಇದು ನನ್ನ ಸ್ವಂತ ಬುದ್ಧಿಯಿಂದ, ಮನಸಾರೆ ಹೇಳ್ತಿರೋ ಮಾತು!"

ನವೀನ್‌ಕುಮಾರ್ ಕುರ್ಚಿಯಿಂದ ಅರ್ಧ ಎದ್ದು ಏನೋ ಹೇಳಲು ಕೈ ಚಾಚಿದರು. ಆ ರಭಸಕ್ಕೆ ಪೇಟ ಮೂಗಿನವರೆಗೆ ಜಾರಿತು. ಕೆಂಪರಾಜ್ ಅದನ್ನು ಶಹಭಾಸ್‌ಗಿರಿ ಎಂದು ತಿಳಿದು, ಇನ್ನೂ ಗಟ್ಟಿಯಾಗಿ ಮತ್ತೊಮ್ಮೆ ಅದನ್ನೇ ಹೇಳಿದ. ಕಂಬಕಂಬಕ್ಕೂ ಕಟ್ಟಿದ್ದ ಲೌಡ್‌ಸ್ಪೀಕರುಗಳು ಆ ನಿರಾಕರಣೆಯನ್ನು ಕಲ್ಯಾಣ ಮಂಟಪದ ಆಚೆಗೂ ಮುಟ್ಟಿಸಿದವು.

ಮಹಬೂಬ್ ಕೈಗವಸುಗಳನ್ನು ತಾನೇ ಹಾಕಿಕೊಂಡು, ಲುಂಗಿ ಎತ್ತಿ ಕಟ್ಟಿ ಹೋಗಿ ಗೋಲಿನಲ್ಲಿ ನಿಂತ. ಸುನಿಲ್‌ಕುಮಾರ್ ಸೀಟಿ ಊದಿದ. ಜನ ಕೆಂಪರಾಜ್‌ನತ್ತ ನೋಡಿದ ನೋಟ ಉಗುಳಿಗಿಂತ ತೇವವಾಗಿತ್ತು. ಅವನು ಎಲ್ಲವನ್ನೂ ಸಹಿಸಿದ. ಶಾಲೆ ಶುರುವಾದ ಮೇಲೆ ಇವರ ಮಕ್ಕಳಿಗೆಲ್ಲ ಒಂದು ತಿಂಗಳು ಪುಕ್ಕಟೆ ಕಲಿಸಿ ಸಮಾಧಾನ ಮಾಡಿದರಾಯಿತು ಎಂದುಕೊಂಡು ವೇದಿಕೆಯ ಮೂಲೆಯಲ್ಲಿ ಕೈಕಟ್ಟಿ ಕೂತ.

ಆಟ ನಡೆಯುತ್ತಿರುವಾಗಲೇ ದೊಡ್ಡಬೀರಪ್ಪ ಬೈಕಿನಲ್ಲಿ ಬಂದಿಳಿದ. ಕೋಲು ಎತ್ತಿಕೊಂಡೇ ಬಂದಿದ್ದ. ಸತ್ತು ಬದುಕಿದ ಹಿರಿಯನಿಗೆ ಅಕ್ಕಯಮ್ಮ ಶಾಲು ಹೊದಿಸಿ, ಬಾಡೂಟದ ಮೊದಲ ಎಲೆ ಹಾಕಿಸಿದ್ದರಿಂದ ಕೋಲು ಕೆಳಗಿಳಿಯಿತು.

ಹೈವೇ ಬಾಯ್ಸ್ ಏಳು ಗೋಲುಗಳಿಂದ ಸೋತಿತು. ಕೊನೆಯ ಸೀಟಿಯಾಗುವಾಗ ಗಡಿಯಾರ ಐದು ದಾಟಿತ್ತು. ಕೆಂಪರಾಜ್ ಎದ್ದು, ಹಾರ ಸರಿಪಡಿಸಿಕೊಂಡು, ನವೀನ್‌ಕುಮಾರ್ ಎದುರು ನಿಂತ.

"ನೋಡಿದ್ರಲ್ಲಾ ಸಾರ್? ಆಡ್ಲಿಲ್ಲ."

"ನೋಡಿದೆ," ಎಂದರು ಅವರು. ಅವರ ಮುಖ ಬಾಡಿತ್ತು. "ನಾನು ಬೆಳಗ್ಗೆಯಿಂದ ಎಷ್ಟು ಸಲ ಫೋನ್ ಮಾಡಿದೆ. ಯಾಕೆ ಆಫ್ ಮಾಡ್ಕೊಂಡ್ರಿ?"

"ನಾನೇನೂ ತಪ್ಪು ಮಾಡಿಲ್ಲ ಸಾರ್! ನಿಮ್ಮನ್ನ ಕೇಳದೆ ಯಾವ ಟೀಮ್‌ಗೂ..."

"ಕೆಂಪರಾಜ್, ನಮ್ಮನ್ನ ಕೇಳಿದ್ರು."

"ಯಾರು?"

ನವೀನ್‌ಕುಮಾರ್ ಮಹಬೂಬನ ಕಡೆ ಕೈ ತೋರಿಸಿದರು. ಆತ ಬೆವರೊರೆಸಿಕೊಳ್ಳುತ್ತ ಹತ್ತಿರ ಬಂದಿದ್ದ. "ಹೋದ ವಾರ ಇವರೂ, ಊರಿನ ಹಿರಿಯರೂ ನಮ್ಮ ಆಫೀಸಿಗೆ ಬಂದಿದ್ರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ರಿಸೆಪ್ಷನ್ ಹುಡುಗಿ ಯಾರದೋ ಮದುವೆ ಕರೆಯೋಕೆ ಬಂದವ್ರೆ ಅಂದ್ಕೊಂಡಳು."

"ಮತ್ತೆ?" ಎಂದ ಮಹಬೂಬ್. "ಇಷ್ಟು ದಿನ ಅನ್ನ ಹಾಕಿದ ಮನೆ. ಅಲ್ಲಿ ಯಜಮಾನ್ರಿಗೆ ತಾಂಬೂಲ ಕೊಟ್ಟು, ನಿಮ್ಮ ಹುಡುಗನ್ನ ನಮಗೆ ಕಳಿಸಿಕೊಡಿ ಅಂತ ಕೇಳದೆ ಕರೆದ್ರೆ ಮರ್ಯಾದೆನಾ? ಸಾಹೇಬ್ರು ಬರ್ತಾರೆ, ಸ್ಟೇಜ್ ಮೇಲೇನೇ ಹೇಳಿ ನಿನ್ನ ಖುಷಿಪಡಿಸೋಣ ಅಂತ ನಾನು ಬಾಯಿ ಬಿಟ್ಟಿರಲಿಲ್ಲ."

"ತಾಂಬೂಲ ತಗೊಂಡು ನಾವು ಒಪ್ಪಿಗೆ ಕೊಟ್ವಿ," ಎಂದರು ನವೀನ್‌ಕುಮಾರ್. "ನಾವು ಒಪ್ಪಿದ ಮೇಲೆ ಇದು ನಿಮಗೆ ಸಿಕ್ಕ ಹೊಸ ಟೀಮು. ಹೊಸ ಟೀಮು ಏನು ಕೊಡುತ್ತೋ ಅದನ್ನ ಕಳೆದು, ಮಿಕ್ಕಿದ ಸಂಬಳ ನಾವು ಕೊಡಬೇಕು. ಕರಾರಿನಲ್ಲಿರೋದೇ ಹಾಗೆ."

"ಇವರು ಕೊಡೋದು ಬಿರಿಯಾನಿ ಸಾರ್!"

"ಹೌದು. ಬಿರಿಯಾನಿ ಕಳೆದು ಮಿಕ್ಕಿದ್ದೆಲ್ಲಾ ನಿಮಗೇ ಬರ್ತಿತ್ತು."

ಕೆಂಪರಾಜ್ ಕೊರಳಿನ ಹಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆದ್ರೆ ಸಿಕ್ಕಿದ ಟೀಮನ್ನ ಆಟಗಾರ ತಾನಾಗಿಯೇ ಬೇಡ ಅಂದ್ರೆ, ಕ್ಲಬ್ ಏನೂ ಕೊಡಬೇಕಾಗಿಲ್ಲ. ಅದೂ ಕರಾರಿನಲ್ಲೇ ಇದೆ, ಮುಂದಿನ ಪುಟದಲ್ಲಿ. ಇದನ್ನ ಹೇಳೋಣ ಅಂತಾನೇ ಬೆಳಗ್ಗೆಯಿಂದ ಫೋನ್ ಮಾಡಿದ್ದು. ನಿಮ್ಮ ಕೈಯಿಂದ ಮೈಕ್ ಕಿತ್ಕೊಳ್ಳೋಣ ಅಂತ ಎದ್ದೆ, ಈ ಹಾಳು ಪೇಟ ಕಣ್ಣು ಮುಚ್ಚಿಬಿಡ್ತು." ಅವರು ನಿಟ್ಟುಸಿರುಬಿಟ್ಟರು. "ನಾನೊಬ್ಬನೇ ಕೇಳಿಸ್ಕೊಂಡಿದ್ರೆ ಕೇಳಲಿಲ್ಲ ಅಂತಿದ್ದೆ. ನಿಮ್ಮೂರಿನೋರು ಫೋನಲ್ಲಿ ಲೈವ್ ಬಿಟ್ಟಿದ್ರು. ನಮ್ಮ ಮಾಲೀಕರು ಕೂತ್ಕೊಂಡು ನೋಡ್ತಿದ್ರು. ಸ್ವಂತ ಬುದ್ಧಿಯಿಂದ, ಮನಸಾರೆ ಅಂದ್ರಲ್ಲ, ಅದನ್ನ ಎರಡು ಸಲ ಹಾಕ್ಸಿ ಕೇಳಿದ್ರಂತೆ."

"ಈಗ ಆಡ್ತೀನಿ ಸಾರ್! ಈಗ್ಲೇ ಆಡ್ತೀನಿ! ಲೋ ಸುನಿಲ್, ವಿಷಲ್ ಊದೋ!"

"ಐದು ಗಂಟೆ ಆಗೋಯ್ತು ಕೆಂಪರಾಜ್."

ಮಹಬೂಬ್ ನಡುವೆ ಬಂದ. ಏಳು ಗೋಲು ತಿಂದ ಹೊಟ್ಟೆಯಲ್ಲೂ ಸ್ನೇಹ ಉಳಿದಿತ್ತು. "ಸಾರ್, ಏನಾದ್ರೂ ದಾರಿ ಇರ್ಬೇಕಲ್ಲ? ಮನುಷ್ಯನಿಗೆ ಕಷ್ಟ ಅಂತ ಇರಲ್ವಾ?"

ನವೀನ್‌ಕುಮಾರ್ ಯೋಚಿಸಿದರು. "ಒಂದಿದೆ. ಕುಟುಂಬದಲ್ಲಿ ಸಾವಾಗಿದ್ರೆ ನಿರಾಕರಣೆ ಅಂತ ಎಣಿಸೋ ಹಾಗಿಲ್ಲ. ಇವತ್ತು ನಿಮ್ಮ ಕಡೆ ಹಾಗೇನಾದ್ರೂ..."

ವೇದಿಕೆಯ ಬಳಿ ಇದ್ದವರೆಲ್ಲ, ಯಾರೂ ಹೇಳಿಕೊಡದೆ, ಮೆಲ್ಲಗೆ ಊಟದ ಪಂಕ್ತಿಯ ಕಡೆ ತಿರುಗಿದರು.

ದೊಡ್ಡಬೀರಪ್ಪ ಮೂಳೆ ಕಡಿಯುವುದನ್ನು ನಿಲ್ಲಿಸಿದ. "ಏನ್ರಲಾ ಹಂಗ್ ನೋಡ್ತೀರಾ?"

ನವೀನ್‌ಕುಮಾರ್ ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಕೆಂಪರಾಜ್‌ನ ಕೈ ಕುಲುಕಿ, ಹಣ್ಣಿನ ಬುಟ್ಟಿಯನ್ನು ಅವನಿಗೇ ಕೊಟ್ಟು ಕಾರು ಹತ್ತಿದರು. ಜನ ಕರಗಿದರು. ಶಾಮಿಯಾನದ ಗೂಟಗಳನ್ನು ಕೀಳತೊಡಗಿದರು.

ಕೆಂಪರಾಜ್ ಬುಟ್ಟಿ ಹಿಡಿದುಕೊಂಡು ಖಾಲಿ ಮೈದಾನದ ಅಂಚಿನಲ್ಲಿ ನಿಂತಿದ್ದಾಗ ವಾಣಿಶ್ರೀ ಏದುಸಿರು ಬಿಡುತ್ತ ಓಡಿಬಂದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಬೆಳಕಿತ್ತು.

"ಆಡ್ಲಿಲ್ಲ ಅಲ್ವೇನ್ರೀ?"

"ಇಲ್ಲ."

"ಗೊತ್ತು ಬಿಡಿ. ಮೈಕಲ್ಲಿ ನೀವು ಕೂಗಿದ್ದು ಕಲ್ಯಾಣ ಮಂಟಪದವರ್ಗೂ ಕೇಳಿಸ್ತು. ನಾನಾಗ ಪದ್ಮಶ್ರೀ ಮೇಡಂ ಮನೆ ಮುಂದೇನೇ ನಿಂತಿದ್ದೆ. 'ಏನಮ್ಮಾ, ಜಾಗ ಬೇಕೋ ಬೇಡ್ವೋ' ಅಂತ ಕೇಳ್ತಿದ್ರು. ನಿಮ್ಮ ಮಾತು ಕೇಳಿದ್ಮೇಲೆ ಇನ್ಯಾಕೆ ಯೋಚ್ನೆ ಅಂತ, ಬಳೆ, ಸರ ಎಲ್ಲಾ ಅಡವಿಟ್ಟು ಅಡ್ವಾನ್ಸ್ ಕೊಟ್ಟು ಬಂದ್ಬಿಟ್ಟೆ!" ಅವಳು ಬುಟ್ಟಿಯಿಂದ ಒಂದು ಸೇಬು ತೆಗೆದು ಸೆರಗಿಗೆ ಒರೆಸಿದಳು. "ಒಂದೇ ಕರಾರು. ಹನ್ನೊಂದು ತಿಂಗಳೊಳಗೆ ನಾವಾಗಿ ಬೇಡ ಅಂದ್ರೆ ಅಡ್ವಾನ್ಸ್ ವಾಪಸ್ ಕೊಡಲ್ವಂತೆ. ನಾವ್ಯಾಕೆ ಬೇಡ ಅಂತೀವಿ, ಅಲ್ವೇನ್ರೀ?"